ಚೊಕ್ಕಣ್ಣನ ಮೂರು ತಟ್ಟು

ಶಾಲೆಯ ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿತ್ತು. ಅಲ್ಲಿ ಬಿಟ್ಟರೆ ಇನ್ನೆಲ್ಲೂ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮಕ್ಕಳಿಗೆ, ಮೇಷ್ಟರುಗಳಿಗೆ, ಬೀದಿಯ ಅಂಗಡಿಯವರಿಗೆ, ಕೊನೆಗೆ ಸ್ವಂತ ಭಾವಮೈದುನನಿಗೂ ಅವನು ಚೊಕ್ಕಣ್ಣ. ಪುಕ್ಕಟೆ ಬಂದ ಹೆಸರಲ್ಲ ಅದು, ಬೆವರು ಸುರಿಸಿ ಸಂಪಾದಿಸಿದ್ದು. ಕಪ್ಪು ಹಲಗೆ ಒರೆಸುವ ಬಟ್ಟೆಯನ್ನು ದಿನಾ ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿಡುವ ಜವಾನನನ್ನು ನೀವು ಎಲ್ಲಾದರೂ ಕಂಡಿದ್ದರೆ ಹೇಳಿ. ಗಂಟೆ ಹೊಡೆಯುವ ಸುತ್ತಿಗೆಗೆ ಅವನು ಬಟ್ಟೆಯ ಚೀಲ ಹೊಲಿಸಿದ್ದ. ಹೆಡ್‌ಮಾಸ್ಟರ ಮೇಜಿನ ಮೇಲೆ ಪೆನ್ನು ಓರೆಯಾಗಿ ಬಿದ್ದಿದ್ದರೆ, ಅವರು ಮಾತಾಡುತ್ತಿರುವಾಗಲೇ ಕೈ ಚಾಚಿ ನೇರ ಮಾಡಿಬಿಡುತ್ತಿದ್ದ. "ನಮ್ಮನೇಲಿ ಮೊದಲು ಸೋಪಿಗೆ ಸ್ನಾನ ಆಗ್ಬೇಕು ಕಣ್ರೀ, ಆಮೇಲೆ ಮನುಷ್ಯರ ಸರದಿ," ಎಂದು ಅವನ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಸುಳ್ಳೇನಲ್ಲ. ನೊರೆ ಅಂಟಿಕೊಂಡ ಸೋಪು ಕಂಡರೆ ಅವನಿಗಾಗದು, ತೊಳೆದೇ ಇಡುತ್ತಿದ್ದ.

ಇಂಥ ಮನುಷ್ಯ ಹುಟ್ಟಿ ಬೆಳೆದದ್ದು ಎಲ್ಲಿ ಅಂತೀರಿ? ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರದ ಮಗ್ಗುಲಲ್ಲಿ. ಊರಿನ ಯಾವ ಮೂಲೆಯಲ್ಲಿ ನಿಂತು ತಲೆಯೆತ್ತಿದರೂ ಅದರ ಎರಡು ಚಿಮಣಿಗಳು ಕಾಣುತ್ತಿದ್ದವು. ಅವನ ಅಪ್ಪ ಅಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು. ಸಂಜೆ ಮನೆಗೆ ಬಂದರೆ ಕಣ್ಣು, ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪು. ಅಮ್ಮ ಅಪ್ಪನ ದಿಂಬಿನ ಚೀಲವನ್ನು ಒಗೆದೂ ಒಗೆದೂ ಹರಿದಳೇ ಹೊರತು ಅದು ಒಂದು ದಿನವೂ ಬೆಳ್ಳಗಾಗಲಿಲ್ಲ. ಐವತ್ತೆರಡನೆಯ ವಯಸ್ಸಿಗೆ ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ. ಮಗ ಅವತ್ತೇ ತೀರ್ಮಾನ ಮಾಡಿದ: ಆ ಗೇಟಿನೊಳಗೆ ನಾನು ಕಾಲಿಡುವುದಿಲ್ಲ. ಗೇಟಿನ ಒಳಗಿದ್ದವರಿಗೆ ತಾನೇ ಧೂಳು, ಹೊರಗಿದ್ದವರಿಗೇನು ಎಂಬುದು ಅವನ ಲೆಕ್ಕಾಚಾರ. ಗಾಳಿಗೆ ಗೇಟು ಎಲ್ಲಿರುತ್ತದೆ ಎಂದು ಅವನಿಗೆ ಆಗ ಯಾರೂ ಹೇಳಲಿಲ್ಲ.

ಗಾಳಿ ಅಳೆಯುವ ಯಂತ್ರ ಶಾಲೆಯ ಮಾಳಿಗೆಗೆ ಬಂದದ್ದು ಹನ್ನೊಂದು ವರ್ಷದ ಹಿಂದೆ. ಚಿಕ್ಕ ಬೀರುವಿನಷ್ಟು ದೊಡ್ಡದು, ತಲೆಯ ಮೇಲೆ ತಗಡಿನ ಟೋಪಿ, ಹೊಟ್ಟೆಯಲ್ಲೊಂದು ಮೋಟಾರು. ಟೋಪಿಯ ಕೆಳಗೆ ಬಿಳಿಯ ಸೋಸುವ ಕಾಗದ ಒಂದನ್ನು ಹಾಕಿ ಗುಂಡಿ ಒತ್ತಿದರೆ, ಒಂದು ಹಗಲು ಒಂದು ರಾತ್ರಿ ಊರಿನ ಗಾಳಿಯನ್ನು ಗೊರಗೊರ ಎಂದು ಆ ಕಾಗದದ ಮೂಲಕ ಎಳೆಯುತ್ತಿತ್ತು. ಗಾಳಿ ಆಚೆ ಹೋಗುತ್ತಿತ್ತು, ಧೂಳು ಕಾಗದದಲ್ಲಿ ಉಳಿಯುತ್ತಿತ್ತು. ದೂರದ ಲ್ಯಾಬಿನವರು ಹಾಕುವ ಮುಂಚೆ ಕಾಗದ ತೂಗುತ್ತಿದ್ದರು, ತೆಗೆದ ಮೇಲೆ ಇನ್ನೊಮ್ಮೆ ತೂಗುತ್ತಿದ್ದರು. ಎಷ್ಟು ಭಾರ ಹೆಚ್ಚಿತೋ ಅಷ್ಟು ಧೂಳು. ಅಳತೆ ನೂರರೊಳಗಿದ್ದರೆ ಸರಿ, ನೂರು ದಾಟಿದರೆ ತಪ್ಪು, ಸ್ಥಾವರದವರು ಉತ್ತರ ಹೇಳಬೇಕು. ಇಷ್ಟೇ ವಿಷಯ.

ಕಾಗದ ಬದಲಾಯಿಸಲು ಒಬ್ಬ ಆಳು ಬೇಕಿತ್ತು. ಹೆಡ್‌ಮಾಸ್ಟರು ಒಂದು ಕ್ಷಣವೂ ಯೋಚಿಸಲಿಲ್ಲ. "ನಮ್ಮ ಚೊಕ್ಕಣ್ಣ ಇರೋವಾಗ ಬೇರೆಯವರು ಯಾಕೆ?" ಎಂದರು. ಯಂತ್ರ ಕೂರಿಸಲು ಬಂದವನು ಅವಸರದ ಆಸಾಮಿ. ಅರ್ಧ ಗಂಟೆಯಲ್ಲಿ ಎಲ್ಲ ತೋರಿಸಿ, ಕೈ ತೊಳೆದುಕೊಂಡು ಹೋದ. ಸೋಮವಾರ ಹಾಕು, ಮಂಗಳವಾರ ತೆಗಿ. ಗುರುವಾರ ಹಾಕು, ಶುಕ್ರವಾರ ತೆಗಿ. ಧೂಳಿನ ಮುಖ ಒಳಗೆ ಬರುವಂತೆ ಮಡಿಸು, ನಂಬರಿನ ಲಕೋಟೆಗೆ ಹಾಕು, ಕಳಿಸು.

ಚೊಕ್ಕಣ್ಣ ಹಾಗೆಯೇ ಮಾಡಿದ. ಮೊದಲ ಒಂದು ತಿಂಗಳು ಬರೀ ಪರೀಕ್ಷೆಗೆ, ಅದರ ಅಂಕಿ ಲೆಕ್ಕಕ್ಕಿರಲಿಲ್ಲ. ಅದು ಮುಗಿದ ಮೇಲೆ ಲ್ಯಾಬಿನಿಂದ ಒಂದು ಚೀಟಿ ಬಂತು: "ಲಕೋಟೆ ಕೊಳೆಯಾಗಿದೆ. ಶುಚಿಯಾಗಿ ಕಳುಹಿಸುವುದು."

ಅಯ್ಯೋ, ಆ ಚೀಟಿ ಮಾಡಿದ ಕೆಲಸ! ಬೇರೆ ಯಾರಾದರೂ ಆಗಿದ್ದರೆ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಇವನಿಗೆ ಅವತ್ತು ಊಟ ಸೇರಲಿಲ್ಲ. ಹುಟ್ಟಿದಾರಭ್ಯ ಅವನಿಗೆ ಯಾರೂ ಕೊಳೆ ಎಂಬ ಮಾತನ್ನು ಆಡಿರಲಿಲ್ಲ, ಅದರಲ್ಲೂ ಬರೆದು ಸಹಿ ಮಾಡಿ ಕಳಿಸಿರಲಿಲ್ಲ. ಲ್ಯಾಬಿನವರು ಹೇಳಿದ್ದು ಯಂತ್ರದ ತಿರುಗಣಿಯ ಎಣ್ಣೆ ಹತ್ತಿದ ಅವನ ಹೆಬ್ಬೆರಳಿನ ಗುರುತಿನ ಬಗ್ಗೆ. ಅವನಿಗೆ ಹೊಳೆದದ್ದು ಬೇರೆ. ಮಡಿಸುವಾಗ ಕಾಗದದಿಂದ ಉದುರುವ ಬೂದಿ ಲಕೋಟೆಯನ್ನು ಹೊಲಸು ಮಾಡುತ್ತಿದೆ ಎಂದುಕೊಂಡ. ಮಾರನೆಯ ಸಲದಿಂದ ಕಾಗದವನ್ನು ಚಿಮುಟದಲ್ಲಿ ಹಿಡಿದು, ಬೆರಳಿನಿಂದ ಅದರ ಬೆನ್ನಿಗೆ ಮೂರು ಸಲ ತಟ್ಟಿ, ಸಡಿಲ ಧೂಳೆಲ್ಲ ಉದುರಿದ ಮೇಲೆ ಮಡಿಸತೊಡಗಿದ. ಉದುರಿದ್ದು ಮಾಳಿಗೆಯ ಮೇಲೆ ಬೀಳಬಾರದಲ್ಲ? ಅದಕ್ಕೆ ಕೆಳಗೆ ಹಲ್ಲುಪುಡಿಯ ಹಳೆಯ ಡಬ್ಬಿಯೊಂದನ್ನು ಹಿಡಿಯುತ್ತಿದ್ದ. ಡಬ್ಬಿಗೆ ಮುಚ್ಚಳ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ಡಬ್ಬಿ ಯಂತ್ರದ ಪಕ್ಕದ, ಬೀಗವಿದ್ದ ಗೂಡಿನಲ್ಲಿರುತ್ತಿತ್ತು. ಅದನ್ನು ಅವನು ಒಮ್ಮೆಯೂ ಹೊರಗೆ ಚೆಲ್ಲಲಿಲ್ಲ. ಚೆಲ್ಲಿದರೆ ಗಾಳಿಗೆ ಹಾರಿ ಇನ್ನೆಲ್ಲೋ ಕೂರುತ್ತದೆ, ಅಲ್ಲಿಯೂ ಯಾರೋ ಒರೆಸಬೇಕು.

ಆ ಮೇಲೆ ಚೀಟಿ ಬರಲೇ ಇಲ್ಲ. ಅವತ್ತಿನಿಂದ ಕಾಗದ ಮುಟ್ಟುವ ಮುಂಚೆ ಎಣ್ಣೆ ಕೈಯನ್ನೂ ತೊಳೆಯತೊಡಗಿದ್ದ, ಅದು ಬೇರೆ ಮಾತು.

ಲ್ಯಾಬಿನಿಂದ ಅಂಕಿ ಬಂದ ದಿನ ಶಾಲೆಯ ಗೇಟಿನ ಪಕ್ಕದ ಹಲಗೆಯ ಮೇಲೆ ಅದನ್ನು ಸೀಮೆಸುಣ್ಣದಲ್ಲಿ ಬರೆಯುವುದೂ ಅವನದೇ ಕೆಲಸ. ಮುತ್ತು ಪೋಣಿಸಿದಂಥ ಅಕ್ಷರ. ತೊಂಬತ್ತನಾಲ್ಕು. ಎಂಬತ್ತೊಂಬತ್ತು. ತೊಂಬತ್ತಾರು. ಅದರ ಕೆಳಗೆ: ಗಾಳಿ ತೃಪ್ತಿಕರ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲವೂ ನೂರು ದಾಟಲಿಲ್ಲ. ಊರಿನವರು ಕಿಟಕಿಯ ಸರಳಿನ ಮೇಲಿನ ಬೂದಿ ಒರೆಸುತ್ತಾ, "ಚೊಕ್ಕಣ್ಣನ ಹಲಗೇಲಿ ಸರಿ ಅಂತ ಬಂದಿದೆಯಲ್ಲ, ಇದು ಬರೀ ರಸ್ತೆ ಧೂಳು," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಇನ್ನು ಹೆಂಡತಿಯ ವಿಷಯ.

ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಮಕ್ಕಳ ಬಿಳಿ ಅಂಗಿ ಹೊಲಿಯುತ್ತಿದ್ದಳು. ಮಾತಿನ ಮಲ್ಲಿ. ಪೆಡಲು ತುಳಿಯುತ್ತಾ ಹಾಡುತ್ತಿದ್ದಳು, ಬೀದಿಯಲ್ಲಿ ಹೋಗುವವರನ್ನು ಕಿಟಕಿಯಿಂದಲೇ ಕೂಗಿ ಮಾತಾಡಿಸುತ್ತಿದ್ದಳು, ಗಂಡನನ್ನು ರೇಗಿಸುತ್ತಿದ್ದಳು. ಏಳೆಂಟು ವರ್ಷದ ಹಿಂದೆ ಕೆಮ್ಮು ಶುರುವಾಯಿತು. ಮೊದಮೊದಲು ಬೆಳಿಗ್ಗೆ ಮಾತ್ರ. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು. ಹಾಡಿನ ಒಂದು ಸಾಲು ಪೂರ್ತಿ ಎಳೆಯಲು ಉಸಿರು ಸಾಲದೆ ಅರ್ಧಕ್ಕೆ ನಿಲ್ಲಿಸುತ್ತಿದ್ದಳು, ಕೊನೆಗೆ ಹಾಡುವುದನ್ನೇ ಬಿಟ್ಟಳು. ನಗು ಬಂದರೂ ಅದರ ಬಾಲಕ್ಕೆ ಕೆಮ್ಮು ಕಟ್ಟಿಕೊಂಡು ಬರುತ್ತಿತ್ತು.

ಒಂದು ದಿನ ಆಸ್ಪತ್ರೆಯ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. "ನೋಡಿ, ಕಣ್ಣಿಗೆ ಕಾಣೋ ಬೂದಿ ಮೂಗಲ್ಲೇ ನಿಲ್ಲುತ್ತೆ, ಸೀನಿದ್ರೆ ಹೋಗುತ್ತೆ. ಚಿಮಣಿಯಿಂದ ಬರೋ ಕಾಣದೇ ಇರೋ ಸಣ್ಣ ಕಣ ಇದೆಯಲ್ಲ, ಅದು ಶ್ವಾಸಕೋಶದ ತಳಕ್ಕೆ ಇಳಿಯುತ್ತೆ. ಅಲ್ಲಿಂದ ರಕ್ತಕ್ಕೆ. ಬರೀ ಕೆಮ್ಮಲ್ಲ, ಹೃದಯಕ್ಕೂ ಪೆಟ್ಟು. ಈ ಬೀದೀಲಿ ನನ್ನ ಹತ್ರ ಉಸಿರಿನ ಪಂಪು ತಗೊಂಡು ಹೋಗೋರು ಇವರೊಬ್ರೇ ಅಲ್ಲ."

ಚೊಕ್ಕಣ್ಣನಿಗೆ ಸಿಟ್ಟು ಬಂತು. ಯಂತ್ರ ಅವನದು. ಅದರ ಮೋಟಾರಿಗೆ ಎಣ್ಣೆ ಬಿಡುವವನು, ಟೋಪಿ ಒರೆಸುವವನು ಅವನು. ಆ ಯಂತ್ರ ಸರಿ ಎಂದ ಗಾಳಿಯನ್ನು ಇವರು ತಪ್ಪು ಎನ್ನುವುದೆಂದರೇನು? "ಅಳತೆ ತೊಂಬತ್ತೆರಡು ಬಂದಿದೆ ಡಾಕ್ಟ್ರೇ. ಹಲಗೆ ಮೇಲೆ ನಾನೇ ಬರ್ದಿದೀನಿ," ಎಂದ. ಡಾಕ್ಟರಮ್ಮ ಔಷಧಿ ಚೀಟಿ ಬರೆದು ಕೊಟ್ಟರು.

ಮನೆಗೆ ಬಂದ ಮೇಲೆ ಹೆಂಡತಿಗೆ ಬುದ್ಧಿ ಹೇಳಿದ. "ನೀನು ಇದನ್ನ ತಲೆಗೆ ಹಚ್ಕೊಂಡಿದೀಯ. ಗಾಳಿ ಚೆನ್ನಾಗೇ ಇದೆ. ಸುಮ್ನೆ ಕೆಮ್ಮಿ ಕೆಮ್ಮಿ ಗಂಟಲು ಕೆಡಿಸ್ಕೋಬೇಡ."

"ನಾನೇನು ಆಸೆಗೆ ಕೆಮ್ತೀನಾ?"

"ಆಸೆಗೆ ಅಂತ ಅಲ್ಲ. ಅಭ್ಯಾಸ ಆಗ್ಬಿಟ್ಟಿದೆ."

ಗಂಡ ಸುಳ್ಳು ಹೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಯಂತ್ರವಂತೂ ಸುಳ್ಳು ಹೇಳುವುದೇ ಇಲ್ಲ. ಹಾಗಿದ್ದ ಮೇಲೆ ತಪ್ಪು ತನ್ನ ಮೈಯದೇ ಇರಬೇಕು ಎಂದುಕೊಂಡಳು. ಅವನು ಮನೆಯಲ್ಲಿದ್ದಾಗ ಕೆಮ್ಮುವುದನ್ನೂ ಕಡಿಮೆ ಮಾಡಿದಳು. ಕಡಿಮೆಯಾಯಿತು ಎಂದು ಅವನಿಗೆ ಖುಷಿ. ಅವಳಿಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡದ್ದು ಮಾತ್ರ ಅವನಿಗೆ ಸರಿಬರಲಿಲ್ಲ. ಇದ್ದಕ್ಕಿದ್ದಂತೆ ಹೊಲಿಗೆ ಬಿಟ್ಟು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಜೋರಾಗಿ ತಿರುಗಿಸಿಬಿಡುತ್ತಿದ್ದಳು. ಐದು ನಿಮಿಷ, ಹತ್ತು ನಿಮಿಷ. "ನೀರು ಸುಮ್ನೆ ಹರೀತಿದೆ ಕಣೇ!" ಎಂದು ಅವನು ಹೊರಗಿನಿಂದ ಕೂಗುತ್ತಿದ್ದ. ಅವಳು ಮುಖ ತೊಳೆದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು.

ಹೀಗೇ ಸಾಗುತ್ತಿದ್ದ ಕಾಲಕ್ಕೆ ಸ್ಥಾವರದಿಂದ ಒಂದು ಸುದ್ದಿ ಬಂತು. ಹಳೆಯ ಚಿಮಣಿಗೆ ಹೊಸ ಧೂಳು ಸೋಸುವ ವ್ಯವಸ್ಥೆ ಕೂರಿಸದೆಯೇ ಇನ್ನೂ ಐದು ವರ್ಷ ಅದನ್ನು ಓಡಿಸಲು ಕಂಪನಿಯವರು ಅನುಮತಿ ಕೇಳಿದ್ದರು. ಅವರ ವಾದ ಸರಳ: ಹನ್ನೊಂದು ವರ್ಷದ ಸರ್ಕಾರಿ ಅಳತೆಯಲ್ಲಿ ಗಾಳಿ ಒಂದು ದಿನವೂ ಕೆಟ್ಟಿಲ್ಲ, ಮತ್ತೆ ಹೊಸದು ಯಾಕೆ? ಊರಿನವರ ಮಾತು ಕೇಳಲು ಅಧಿಕಾರಿಯೊಬ್ಬರು ಬರುತ್ತಾರೆ, ಶನಿವಾರ, ಶಾಲೆಯ ಸಭಾಂಗಣದಲ್ಲಿ ಎಂದು ನೋಟೀಸು ಅಂಟಿಸಿದರು. ಅದನ್ನು ನಾಲ್ಕು ಮೂಲೆಗೂ ಗೋಂದು ಹಚ್ಚಿ ನೇರವಾಗಿ ಅಂಟಿಸಿದವನು ಚೊಕ್ಕಣ್ಣನೇ.

ಆ ಶನಿವಾರಕ್ಕೆ ಇನ್ನೂ ಎಂಟು ದಿನ ಇರುವಾಗ, ಒಂದು ಶುಕ್ರವಾರ ಬೆಳಿಗ್ಗೆ, ಲ್ಯಾಬಿನಿಂದ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಯಂತ್ರ ನೋಡಲು ಬಂದಳು. ಮಾಳಿಗೆ ಹತ್ತಿದವಳೇ ಸುತ್ತ ನೋಡಿ, "ಅಬ್ಬಾ! ಇಷ್ಟು ಚೆನ್ನಾಗಿ ಇಟ್ಟಿರೋ ಯಂತ್ರ ನಾನು ಎಲ್ಲೂ ನೋಡಿಲ್ಲ," ಎಂದಳು. ಚೊಕ್ಕಣ್ಣ ಉಬ್ಬಿಹೋದ. ಅವಳೆದುರೇ ಕೈ ತೊಳೆದ, ಒರೆಸಿದ, ಟೋಪಿ ಎತ್ತಿದ, ಚಿಮುಟದಲ್ಲಿ ಕಾಗದ ತೆಗೆದ. ಬಿಳಿಯ ಕಾಗದ ಬೂದು ಬಣ್ಣಕ್ಕೆ ತಿರುಗಿತ್ತು. ಡಬ್ಬಿಯ ರಬ್ಬರ್ ಬ್ಯಾಂಡು ಬಿಚ್ಚಿ, ಮುಚ್ಚಳ ತೆಗೆದು, ತಟ್ಟಿದ. ಒಂದು. ಎರಡು. ಮೂರು.

"ಏನ್ ಮಾಡ್ತಿದೀರ?" ಹುಡುಗಿಯ ದನಿ ಬದಲಾಗಿತ್ತು.

"ಸಡಿಲ ಧೂಳು ತೆಗೀತಿದೀನಮ್ಮ. ಲಕೋಟೆ ಕೊಳೆ ಆಗ್ಬಾರ್ದಲ್ಲ."

"ಯಾವಾಗ್ಲೂ ಹೀಗೇ ಮಾಡ್ತೀರಾ?"

"ಒಂದು ಸಲಾನೂ ತಪ್ಪಿಸಿಲ್ಲ," ಎಂದ ಅವನು ಹೆಮ್ಮೆಯಿಂದ.

ಹುಡುಗಿ ತಲೆಯ ಮೇಲೆ ಕೈಹೊತ್ತು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟಳು. "ಅಯ್ಯೋ ಮಾರಾಯ್ರೇ, ನಾವು ತೂಗೋದು ಆ ಧೂಳನ್ನೇ ಅಲ್ವಾ? ಅದನ್ನೇ ಉದುರಿಸಿ ಕಳಿಸಿದ್ರೆ ನಾವು ಏನನ್ನ ತೂಗೋದು?"

ಒಂದು ಕೈಯಲ್ಲಿ ಕಾಗದ, ಒಂದು ಕೈಯಲ್ಲಿ ಡಬ್ಬಿ ಹಿಡಿದು ಚೊಕ್ಕಣ್ಣ ಹಾಗೆಯೇ ನಿಂತ. ಧೂಳು ಕಡಿಮೆ ಇದ್ದ ದಿನ ತಟ್ಟಿದರೆ ಏನೂ ಉದುರುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹೆಚ್ಚಿದ್ದ ದಿನವೇ ಉದುರುತ್ತಿದ್ದದ್ದು. ಅಂದರೆ ನೂರು ದಾಟಬೇಕಾದ ದಿನಗಳನ್ನೇ ಆರಿಸಿ ಆರಿಸಿ ಅವನು ಡಬ್ಬಿಗೆ ತುಂಬಿದ್ದ. ಇದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಬರೋ ವಾರದ ಕಾಗದ ತಟ್ಟದೇ ಕಳಿಸಿ, ನೋಡೋಣ," ಎಂದಳು ಹುಡುಗಿ. ಸೋಮವಾರ ಹಾಕಿದ್ದನ್ನು ಅವನು ತಟ್ಟದೆ, ಉಸಿರು ಬಿಗಿಹಿಡಿದು ಮಡಿಸಿ ಕಳಿಸಿದ. ಗುರುವಾರ ಅವಳ ಫೋನು ಬಂತು. ನೂರಾ ಮೂವತ್ತೊಂದು.

"ನಾನು ಕಂಡದ್ದನ್ನ ನಮ್ಮ ಸಾಹೇಬರಿಗೆ ಬರೆದುಕೊಟ್ಟೆ," ಎಂದಳು ಅವಳು. "ತಿದ್ದಿದೀಯಲ್ಲ, ಇನ್ನು ಮುಂದೆ ಸರಿಯಾಗುತ್ತೆ, ಬಿಡು ಅಂದ್ರು. ನಾನು ನೋಡಿರೋದು ಒಂದೇ ದಿನ. ಅವತ್ತು ಗಾಳಿ ಜಾಸ್ತಿ ಇತ್ತು ಅಂತ ಕಂಪನಿಯವರು ತೇಲಿಸಿಬಿಡ್ತಾರೆ. ಹನ್ನೊಂದು ವರ್ಷ ನೋಡಿರೋದು ನೀವೊಬ್ರೇ. ಶನಿವಾರ ನೀವು ಹೇಳಿದ್ರೆ ಉಂಟು, ಇಲ್ದಿದ್ರೆ ಇಲ್ಲ."

ಹೇಳುವುದೆಂದರೆ ಏನು? ಊರಿನ ಎದುರು ನಿಂತು, ನಾನು ಚೊಕ್ಕಣ್ಣನಲ್ಲ ಎನ್ನುವುದು. ಅವನಿಗೆ ಬೇರೆ ಆಸ್ತಿ ಇರಲಿಲ್ಲ, ಇದ್ದದ್ದು ಆ ಹೆಸರೊಂದೇ. ಅದಕ್ಕಿಂತ ಹೆಚ್ಚಾಗಿ ಹೆಂಡತಿಯ ಮುಖ ನೋಡುವುದು ಹೇಗೆ? ಗೊತ್ತಾದ ಶುಕ್ರವಾರವೇ ಅವಳಿಗೆ ಹೇಳಬೇಕೆಂದು ಬಾಯಿ ತೆರೆದಿದ್ದ, ಸೂಜಿಗೆ ದಾರ ಪೋಣಿಸಿಕೊಡಲೇ ಎಂದು ಕೇಳಿ ಸುಮ್ಮನಾಗಿದ್ದ. ಶನಿವಾರ, ಭಾನುವಾರ ಹಾಗೇ ಕಳೆದವು. ನಡುವೆ ಒಂದು ದಿನ ಅವಳು ಎರಡು ಸಲ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟಾಗ ನೀರು ಪೋಲಾಗುತ್ತಿದೆ ಎಂದು ಎಂದಿನಂತೆ ಗದರಿದ್ದ ಕೂಡ. ನಾಚಿಕೆಗೇಡು ಅನ್ನಿ, ಪುಕ್ಕಲುತನ ಅನ್ನಿ, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಶುಕ್ರವಾರ ಸಂಜೆಯ ಹೊತ್ತಿಗೆ, ಹೇಳುವುದಿಲ್ಲ ಎಂದು ತೀರ್ಮಾನಿಸಿದ್ದ. ಮುಂದಿನ ಕಾಗದಗಳಲ್ಲಿ ನಿಜ ತಾನಾಗಿ ಹೊರಬರುತ್ತದೆ, ನಾನು ಯಾಕೆ ಮೈಮೇಲೆ ಎಳೆದುಕೊಳ್ಳಲಿ ಎಂದು.

ಶನಿವಾರ ಸಭಾಂಗಣದ ಕುರ್ಚಿಗಳನ್ನು ಅವನು ದಾರ ಹಿಡಿದು ಸಾಲು ಮಾಡಿದ. ಅಧಿಕಾರಿ ಬಂದರು. ಕಂಪನಿಯ ಕಡೆಯಿಂದ ಹಾಲಿನಂಥ ಅಂಗಿ ತೊಟ್ಟ ಒಬ್ಬ ಸಂಭಾವಿತರು ಬಂದರು, ಕೈಯಲ್ಲಿ ಹನ್ನೊಂದು ವರ್ಷದ ಅಂಕಿಗಳ ದಪ್ಪ ಕಡತ. ಲ್ಯಾಬಿನ ಹುಡುಗಿ ಹಿಂದಿನ ಸಾಲಿನಲ್ಲಿದ್ದಳು. ಚೊಕ್ಕಣ್ಣ ಬಾಗಿಲ ಬಳಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ. ಇಬ್ಬರು ಮೂವರು ಮಾತಾಡಿದರು, ಮಗುವಿಗೆ ಉಬ್ಬಸ, ತಂದೆಗೆ ಎದೆನೋವು ಎಂದು. ಕಂಪನಿಯವರು ಪ್ರತಿ ಸಲವೂ ಕಡತ ತೆರೆದು ಅಂಕಿ ಓದಿದರು.

ಆಗ ಅವನ ಹೆಂಡತಿ ಎದ್ದಳು. ಬರುತ್ತೇನೆ ಎಂದು ಅವಳು ಹೇಳಿಯೇ ಇರಲಿಲ್ಲ. ಕೈಯಲ್ಲೊಂದು ಅಂಗಿ.

"ಸ್ವಾಮಿ, ನಾನು ಹೊಲಿಗೆಯವಳು," ಎಂದಳು. "ಇದು ಮೊನ್ನೆ ಹೊಲಿದಿಟ್ಟ ಅಂಗಿ. ಇನ್ನೂ ಯಾವ ಮಗೂನೂ ತೊಟ್ಟಿಲ್ಲ. ಕಾಲರು ನೋಡಿ, ಆಗ್ಲೇ ಬೂದು. ಹೊರಗಿರೋ ಬಟ್ಟೆಗೇ ಇಷ್ಟಾದ್ರೆ ಒಳಗಿರೋ ನನ್ನ ಎದೆಗೆ ಎಷ್ಟಾಗಿರ್ಬೇಕು? ಮೊದ್ಲು ಹಾಡ್ತಿದ್ದೆ. ಈಗ ಒಂದು ಸಾಲು ಹಾಡೋಕೆ ಉಸಿರಿಲ್ಲ." ಇಷ್ಟು ಹೇಳುವಷ್ಟರಲ್ಲಿ ಅವಳು ಎರಡು ಸಲ ನಿಲ್ಲಿಸಿ ಗಾಳಿ ಎಳೆದುಕೊಂಡಳು.

ಕಂಪನಿಯವರು ಎದ್ದು ತುಂಬ ಮೃದುವಾಗಿ ಮಾತಾಡಿದರು. "ಅಮ್ಮಾ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಮಾಳಿಗೆ ಮೇಲಿರೋ ಯಂತ್ರ ನಮ್ಮದಲ್ಲ, ಸರ್ಕಾರದ್ದು. ಕಾಗದ ಬದಲಾಯಿಸೋರು ನಮ್ಮ ಆಳಲ್ಲ, ನಿಮ್ಮ ಯಜಮಾನ್ರು. ಅವರ ಕೈಯಿಂದ ಬಂದ ಅಳತೆ ಒಂದು ದಿನಾನೂ ನೂರು ದಾಟಿಲ್ಲ. ನಿಮ್ಮ ಯಜಮಾನ್ರು ಕೆಲಸ ಸರಿಯಾಗಿ ಮಾಡಿಲ್ಲ ಅಂತೀರಾ?"

ಸಭೆಯಲ್ಲಿ ಎಲ್ಲರೂ ಅವಳತ್ತ ತಿರುಗಿದರು. ಅವಳ ಮುಖ ಕೆಂಪೇರಿತು.

"ಛೇ ಛೇ, ಅವರ ಬಗ್ಗೆ ಮಾತ್ರ ಹಾಗನ್ನಬೇಡಿ," ಎಂದಳು. "ನನ್ನ ಗಂಡ ಕೈ ಹಾಕಿದ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಸಿಕ್ಕಲ್ಲ. ಈ ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ಅವರು ಗಾಳಿ ಸರಿ ಇದೆ ಅಂದ್ರೆ ಸರಿ ಇದೆ. ನನ್ನದೇ ಏನೋ ಇರ್ಬೇಕು. ನನ್ನ ಮೈಯೇ ಹಂಗೇನೋ." ಅಂಗಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತಳು.

ಚೊಕ್ಕಣ್ಣನ ಕೈಯ ತಟ್ಟೆ ವಾಲಿತು. ಲೋಟವೊಂದು ಉರುಳಿ ನೀರು ನೆಲದ ಮೇಲೆಲ್ಲ ಹರಿಯಿತು. ಅವನು ಒರೆಸಲಿಲ್ಲ. ಊರಿನವರು ಅವನನ್ನು ಕಂಡಂದಿನಿಂದ ಇಂಥದ್ದು ನೋಡಿರಲಿಲ್ಲ. ತಟ್ಟೆಯನ್ನು ಅಲ್ಲೇ ಬೆಂಚಿನ ಮೇಲಿಟ್ಟು, ಒದ್ದೆ ನೆಲದ ಮೇಲೆ ನಡೆದು ಮುಂದೆ ಬಂದ.

"ಸ್ವಾಮಿ, ತಪ್ಪು ಅವಳ ಮೈಯದ್ದಲ್ಲ. ನನ್ನದು."

ಮಾತು ಅವನಿಗೆ ಸಲೀಸಾಗಿ ಬರಲಿಲ್ಲ. ಚೀಟಿಯಿಂದ ಶುರುಮಾಡಿ, ನಡುವೆ ಡಬ್ಬಿಗೆ ಹೋಗಿ, ಮತ್ತೆ ಚೀಟಿಗೆ ಬಂದ. ಗಾಳಿಯಲ್ಲಿ ಬೆರಳಿನಿಂದ ಮೂರು ಸಲ ತಟ್ಟಿ ತೋರಿಸಿದ. ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು, ತಟ್ಟದ ಕಾಗದದ ಅಳತೆ ನೂರಾ ಮೂವತ್ತೊಂದು ಬಂದಿದೆ ಎಂದಳು. ಅಧಿಕಾರಿ ಕನ್ನಡಕ ತೆಗೆದರು. "ಹನ್ನೊಂದು ವರ್ಷದಲ್ಲಿ ಎಷ್ಟು ಉದುರಿಸಿದ್ದೀರಿ ಅಂತ ಈಗ ಹೇಗೆ ಗೊತ್ತಾಗಬೇಕು?"

"ಒಂದು ನಿಮಿಷ ಇರಿ," ಎಂದು ಅವನು ಹೊರಗೆ ಹೋದ. ಮಾಳಿಗೆಗೆ ಹೋಗುವ ಕಬ್ಬಿಣದ ಏಣಿಯ ಸದ್ದು ಎಲ್ಲರಿಗೂ ಕೇಳಿಸಿತು, ಹತ್ತಿದ್ದು, ಇಳಿದದ್ದು. ಹಲ್ಲುಪುಡಿಯ ಡಬ್ಬಿಯನ್ನು ತಂದು ಅಧಿಕಾರಿಯ ಮೇಜಿನ ಮೇಲಿಟ್ಟು ರಬ್ಬರ್ ಬ್ಯಾಂಡು ಬಿಚ್ಚಿದ. ಒಳಗೆ ಕಂಠದವರೆಗೆ ನುಣ್ಣನೆಯ ಬೂದು ಪುಡಿ.

ಕಂಪನಿಯವರು ಬಗ್ಗಿ ನೋಡಿದರು. "ಇದು ಮಾಳಿಗೆ ಗುಡಿಸಿದ ಧೂಳೂ ಆಗಿರಬಹುದಲ್ಲ?"

"ಚೊಕ್ಕಣ್ಣನ ಮಾಳಿಗೇಲಿ ಗುಡಿಸೋಕೆ ಧೂಳೆಲ್ಲಿದೆ ಸಾರ್?" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ಅಧಿಕಾರಿಯ ತುಟಿಯೂ ಅಲುಗಿತು. ನಗದೆ ಇದ್ದವರು ಇಬ್ಬರೇ, ಗಂಡ ಮತ್ತು ಹೆಂಡತಿ.

ಹನ್ನೊಂದು ವರ್ಷದ ಅಂಕಿಗಳನ್ನು ನಂಬುವಂತಿಲ್ಲ, ಅನುಮತಿ ಸದ್ಯಕ್ಕಿಲ್ಲ, ಲ್ಯಾಬಿನವರೇ ಬಂದು ಒಂದು ವರ್ಷ ಹೊಸದಾಗಿ ಅಳೆಯಬೇಕು ಎಂದು ಅಧಿಕಾರಿ ಬರೆಸಿದರು. ಡಬ್ಬಿಗೆ ಅರಗು ಹಾಕಿ ತೆಗೆದುಕೊಂಡು ಹೋದರು. ಚಿಮಣಿ ಅವತ್ತೇನೂ ನಿಲ್ಲಲಿಲ್ಲ, ಎಂದಿನ ಹಾಗೆ ಹೊಗೆ ಬಿಡುತ್ತಲೇ ಇತ್ತು. ಯಂತ್ರದ ಗೂಡಿನ ಬೀಗದ ಕೈಯನ್ನು ಚೊಕ್ಕಣ್ಣ ಅಲ್ಲೇ ಹುಡುಗಿಗೆ ಕೊಟ್ಟ.

ಹೆಂಡತಿ ಅವನಿಗಾಗಿ ಕಾಯದೆ ಹೊರಟಿದ್ದಳು. ಅವನು ಹತ್ತು ಹೆಜ್ಜೆ ಹಿಂದೆ ನಡೆದ. ದಾರಿಯಲ್ಲಿ ಅವಳು ಎರಡು ಕಡೆ ಗೋಡೆ ಹಿಡಿದು ನಿಂತು ಸುಧಾರಿಸಿಕೊಂಡಳು. ಅವಳು ನಿಂತಾಗ ಅವನೂ ನಿಂತ, ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ.

ಮನೆಯಲ್ಲಿ ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಅವನು ಎದುರಿನ ಸ್ಟೂಲಿನ ಮೇಲೆ ಕೂತ. ಚಪ್ಪಲಿಯನ್ನು ಬಾಗಿಲಲ್ಲಿ ಜೋಡಿಸಿಡುವುದನ್ನೂ ಮರೆತಿದ್ದ.

"ಯಾವತ್ತು ಗೊತ್ತಾಯ್ತು ನಿಮಗೆ?" ಎಂದಳು.

"ಹೋದ ಶುಕ್ರವಾರ."

ಅವಳು ಬೆರಳು ಮಡಿಸಿ ಎಣಿಸಿದಳು. "ಎಂಟು ದಿನ."

"ಹ್ಞೂಂ."

"ಹನ್ನೊಂದು ವರ್ಷ ಗೊತ್ತಿಲ್ದೇ ಮಾಡಿದ್ರಿ. ಅದಕ್ಕೆ ನಾನೇನೂ ಅನ್ನಲ್ಲ. ನಿಮ್ಮ ಹುಚ್ಚು ನಂಗೆ ಗೊತ್ತಿಲ್ವಾ, ಸೋಪು ತೊಳೆಯೋರು ನೀವು. ಆದ್ರೆ ಈ ಎಂಟು ದಿನ? ಎಂಟು ದಿನ ನನ್ನ ಪಕ್ಕದಲ್ಲೇ ಉಂಡು, ಮಲಗಿ, ನಂದೇ ತಪ್ಪು ಅಂತ ನಾನು ಅಂದ್ಕೊಳ್ಳೋದನ್ನ ನೋಡ್ತಾ ಇದ್ರಲ್ಲ? ಇವತ್ತು ಅಷ್ಟು ಜನರ ಮುಂದೆ ನನ್ನ ಬಾಯಿಂದ ಅದನ್ನ ಹೇಳಿಸಿದ್ರಲ್ಲ?"

ಅವನು ತಲೆ ತಗ್ಗಿಸಿದ. ಅತ್ತ, ಸದ್ದಿಲ್ಲದೆ.

ಅಷ್ಟರಲ್ಲಿ ಅವಳಿಗೆ ಕೆಮ್ಮು ಒತ್ತರಿಸಿ ಬಂತು. ಅಭ್ಯಾಸಬಲದಿಂದ ಎದ್ದು ಬಚ್ಚಲ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತು, ತಿರುಗಿ ಬಂದು, ಅದೇ ಜಾಗದಲ್ಲಿ ಕೂತಳು.

"ಇಷ್ಟು ವರ್ಷ ನಲ್ಲಿ ಬಿಟ್ಕೊಂಡು ಕೆಮ್ತಿದ್ದೆ," ಎಂದಳು. "ನಿಮ್ಮ ಕಿವಿಗೆ ಬೀಳ್ಬಾರ್ದು ಅಂತ. ಇವತ್ತು ಕೂತು ಕೇಳಿ."

ಆಮೇಲೆ ಕೆಮ್ಮಿದಳು. ಬಾಯಿಗೆ ಟವೆಲ್ ಅಡ್ಡ ಹಿಡಿಯಲಿಲ್ಲ, ಮುಖ ತಿರುಗಿಸಲಿಲ್ಲ. ಅದು ಎಷ್ಟು ಉದ್ದವಿದೆ, ಎಷ್ಟು ಆಳದಿಂದ ಬರುತ್ತದೆ ಎಂದು ಅವನು ಮೊದಲ ಸಲ ಕೇಳಿದ. ಅಪ್ಪನ ಕೆಮ್ಮು ಹೀಗೆಯೇ ಇತ್ತು. ಅವನು ಎದ್ದು ಹೋಗಲಿಲ್ಲ, ಅದು ನಿಲ್ಲುವವರೆಗೂ ಅಲ್ಲೇ ಕೂತಿದ್ದ.